ಫಲಾಗಮವಿಲ್ಲದ ಬಿಡುಗಡೆ

ಕಥೆಯ ಕಾರ್ಯವು ಆರಂಭದಿಂದ ಫಲಾಗಮದವರೆಗೆ ಐದು ಅವಸ್ಥೆಗಳಲ್ಲಿ ಸಾಗಬೇಕೆಂದು ಭಾರತೀಯ ಲಾಕ್ಷಣಿಕರು ವಿಧಿಸಿರುವರು. ಸೆರೆಯ ಕಥೆಗೆ ಬಿಡುಗಡೆಯೇ ಫಲವೆಂದು ಓದುಗನು ಸಹಜವಾಗಿ ನಿರೀಕ್ಷಿಸುವನು. ನಾಜಿ ಯಾತನಾಶಿಬಿರಗಳಿಂದ ಬದುಕಿ ಬಂದವರ ಮುಖ್ಯ ಗ್ರಂಥಗಳಲ್ಲಿ ಈ ನಿರೀಕ್ಷೆಯು ಭಂಗಗೊಳ್ಳುತ್ತದೆ. ಬಿಡುಗಡೆಗೆ ಅಲ್ಲಿ ದೊರೆಯುವುದು ಕೆಲವೇ ವಾಕ್ಯಗಳು, ಅವುಗಳಲ್ಲಿಯೂ ಹರ್ಷವಿಲ್ಲ. ಇದು ರಚನೆಯ ದೋಷವೋ ಗುಣವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇಟಲಿಯ ರಸಾಯನಶಾಸ್ತ್ರಜ್ಞನಾದ ಪ್ರೀಮೋ ಲೇವಿಯ ‘ಇವನು ಮನುಷ್ಯನಾದರೆ’ ಎಂಬ ಗ್ರಂಥವು 1947ರಲ್ಲಿ ಪ್ರಕಟವಾಯಿತು. ಆಶ್ವಿಟ್ಸಿಗೆ ಸೇರಿದ ಮೊನೊವಿಟ್ಸ್ ಶಿಬಿರದ ಕಡೆಯ ಹತ್ತು ದಿನಗಳೇ ಅದರ ಅಂತಿಮಾಧ್ಯಾಯದ ವಸ್ತು. ಜರ್ಮನರು ನಡೆಯಬಲ್ಲ ಬಂದಿಗಳನ್ನು ಹೊರಡಿಸಿಕೊಂಡು ಹೋದರು. ಸೋಂಕುಜ್ವರದಿಂದ ಮಲಗಿದ್ದ ಲೇವಿಯು ರೋಗಿಗಳೊಡನೆ ಉಳಿದನು. 1945ರ ಜನವರಿ 27ರಂದು ರಷ್ಯದ ಸೈನಿಕರು ಬಂದಾಗ ಅವನೂ ಸಂಗಡಿಗನೊಬ್ಬನೂ ಹೆಣವೊಂದನ್ನು ಹೊರಕ್ಕೆ ಒಯ್ಯುತ್ತಿದ್ದರು. ಗ್ರಂಥವು ಅಷ್ಟು ಹೇಳಿ ಮುಂದೆ ಸಾಗುತ್ತದೆ. 1963ರ ‘ಕದನವಿರಾಮ’ದಲ್ಲಿ ಅವನು ಅದೇ ಗಳಿಗೆಯನ್ನು ಪುನಃ ಎತ್ತಿಕೊಳ್ಳುವನು. ಕುದುರೆಯೇರಿ ಬಂದ ನಾಲ್ವರು ತರುಣರು ನಗಲಿಲ್ಲ, ಕುಶಲ ಕೇಳಲಿಲ್ಲ. ಪರರು ಎಸಗಿದ ಪಾತಕವನ್ನು ಕಂಡ ನೀತಿವಂತನ ಲಜ್ಜೆಯು ಅವರ ಮುಖದಲ್ಲಿ ತೋರಿತು. ಬಂಧಮುಕ್ತನೂ ಮುಕ್ತಿದಾತನೂ ಒಂದೇ ಭಾವದಿಂದ ತಲೆತಗ್ಗಿಸುವ ಈ ಸನ್ನಿವೇಶದಲ್ಲಿ ಜಯಘೋಷಕ್ಕೆ ಎಡೆಯೆಲ್ಲಿ?

ಎಲೀ ವೀಸೆಲನೂ ಅದೇ ಮೊನೊವಿಟ್ಸಿನ ಆಸ್ಪತ್ರೆಯಲ್ಲಿದ್ದನು. ಹಿಂದುಳಿದರೆ ಸಾವು ಖಂಡಿತವೆಂದು ಭಾವಿಸಿ, ಶಸ್ತ್ರಚಿಕಿತ್ಸೆಯಾದ ಕಾಲಿನಲ್ಲಿಯೇ ತಂದೆಯೊಡನೆ ಹೊರಟನು. ಹಿಂದುಳಿದವರನ್ನೇ ರಷ್ಯನರು ಬಿಡಿಸಿದರು. ಅವನ ತಂದೆಯಾದರೋ ಬೂಖೆನ್‌ವಾಲ್ಡಿನಲ್ಲಿ ಮಡಿದನು. 1945ರ ಏಪ್ರಿಲ್ 11ರಂದು ಆ ಶಿಬಿರವು ಮುಕ್ತವಾದಾಗ ಬಂದಿಗಳು ಮೊದಲು ಮಾಡಿದ್ದು ಆಹಾರಕ್ಕೆ ಮುಗಿಬಿದ್ದುದು. ಸೇಡಿನ ನೆನಪೂ ಹೆತ್ತವರ ನೆನಪೂ ಆಗ ಬರಲಿಲ್ಲ. 1958ರ ಫ್ರೆಂಚ್ ‘ರಾತ್ರಿ’ಯು, ಬಾಲಕನು ಕನ್ನಡಿಯಲ್ಲಿ ತನ್ನನ್ನೇ ಶವದಂತೆ ಕಾಣುವಲ್ಲಿ ಮುಗಿಯುತ್ತದೆ. 1956ರ ಯಿದ್ದಿಷ್ ಮೂಲವು ಅಲ್ಲಿ ನಿಲ್ಲುವುದಿಲ್ಲ: ಅವನು ಕನ್ನಡಿಯನ್ನು ಒಡೆಯುವನು, ಲೋಕದ ಮರೆವನ್ನು ಕುರಿತು ಸಿಡಿಮಿಡಿಗೊಳ್ಳುವನು. ಕೃತಿಯು ಸಂಕ್ಷೇಪದಿಂದ ಗಳಿಸಿದ ರೂಪಸೌಷ್ಠವಕ್ಕೆ ಆ ಆಕ್ರೋಶವು ಬಲಿಯಾಯಿತೆಂಬುದನ್ನು ವಿಮರ್ಶೆಯು ಮರೆಯಲಾಗದು.

ಬೂಖೆನ್‌ವಾಲ್ಡಿನಲ್ಲಿಯೂ ಸೆರೆಯಲ್ಲಿದ್ದ ಹಂಗೆರಿಯ ಇಮ್ರೆ ಕೆರ್ತೇಸನ 1975ರ ಕಾದಂಬರಿಯು ಇನ್ನೂ ನಿಷ್ಠುರವಾದುದು. ಧ್ವನಿವರ್ಧಕವು ನಾನಾ ಭಾಷೆಗಳಲ್ಲಿ ಸ್ವಾತಂತ್ರ್ಯವನ್ನು ಸಾರುತ್ತಿರಲು ಹದಿಹರೆಯದ ನಾಯಕನ ಚಿಂತೆಯೆಲ್ಲ ಆ ದಿನದ ಸಾರು ಬಾರದಿರುವುದನ್ನು ಕುರಿತದ್ದು. ಸಾರು ಸಿದ್ಧವಾಗುವುದೆಂದು ಕೇಳಿದ ಮೇಲೆಯೇ ಅವನು ಸ್ವಾತಂತ್ರ್ಯವನ್ನು ನೆನೆಯುವನು. ಇಲ್ಲಿ ಹಾಸ್ಯದ ಛಾಯೆಯುಂಟು. ಆದರೆ ಹಸಿದ ದೇಹಕ್ಕೆ ಆ ಕ್ರಮವೇ ಸತ್ಯ.

ಆದುದರಿಂದ ಫಲವು ಯಾರಿಗೆ ಎಂದು ಕೇಳಬೇಕಾಗುತ್ತದೆ. ಮಡಿದವರಿಗೆ ಅದು ದೊರೆಯಲಿಲ್ಲ. ಉಳಿದವರಿಗೆ ದೊರೆತದ್ದು ಬರಿಯ ಪ್ರಾಣ. ‘ಕದನವಿರಾಮ’ದಲ್ಲಿ ಊರಿಗೆ ಮರಳುವ ದಾರಿಯ ವಿನೋದವೂ ಉಂಟು, ಆದರೂ ಮನೆ ಸೇರಿದವನ ಕನಸಿನಲ್ಲಿ ಶಿಬಿರದ ಮುಂಜಾನೆಯ ಆಜ್ಞೆಯೇ ಕೇಳಿಸುತ್ತದೆ. ಇಂತಹ ವಸ್ತುವಿಗೆ ತುಂಬುಗಂಠದ ಮಂಗಳವನ್ನು ಹಾಡಿದ್ದರೆ ಅದು ಲಕ್ಷಣಕ್ಕೆ ಸಲ್ಲುತ್ತಿತ್ತು, ಸತ್ಯಕ್ಕೆ ಸಲ್ಲುತ್ತಿರಲಿಲ್ಲ. ಕ್ಷೇಮೇಂದ್ರನು ಕಾವ್ಯದ ಜೀವವೆಂದ ಔಚಿತ್ಯವು ಇಲ್ಲಿ ಫಲಾಗಮವನ್ನು ತಡೆಹಿಡಿದಿರುವುದರಲ್ಲಿಯೇ ಇದೆ.