ಸೇಬಿನ ಚಹಾ ಮತ್ತು ಎರಡನೇ ಡಿಕಾಕ್ಷನ್

ಪುಸ್ತಕ ಬಂದರೆ ವಿಮರ್ಶೆ ಬರೆಯುತ್ತಾರೆ. ನಾಟಕ ಆಡಿದರೆ ಬರೆಯುತ್ತಾರೆ, ಸಿನಿಮಾ ತೆರೆ ಕಂಡರೆ ಬರೆಯುತ್ತಾರೆ. ಒಂದು ಲೋಟ ಚಹಾದ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. "ಚೆನ್ನಾಗಿದೆ" ಎಂದೋ, "ಸಕ್ಕರೆ ಒಂಚೂರು ಮುಂದಾಯಿತು" ಎಂದೋ ಹೇಳಿ ಲೋಟ ಕೆಳಗಿಟ್ಟರೆ ಮುಗಿಯಿತು. ದಿನಕ್ಕೆ ನಾಲ್ಕು ಸಲ ಒಲೆಯ ಮುಂದೆ ನಿಲ್ಲುವ ನಾವಾದರೂ ಅದಕ್ಕಿಂತ ಒಂದೆರಡು ಮಾತು ಹೆಚ್ಚಾಗಿ ಆಡಬಾರದೇಕೆ? ಹಾಗೆಂದುಕೊಂಡು, ನಮ್ಮ ಮನೆಗೆ ಬಂದ ಒಂದು ಡಬ್ಬಿ ಟರ್ಕಿಯ ಸೇಬಿನ ಚಹಾವನ್ನು ಪುಸ್ತಕ ಓದುವಷ್ಟೇ ಶ್ರದ್ಧೆಯಿಂದ ಓದಲು ಕುಳಿತೆ.

ಡಬ್ಬಿ ತಂದವಳು ನನ್ನ ತಂಗಿಯ ಮಗಳು. ಗಂಡನ ಜೊತೆ ಇಸ್ತಾಂಬುಲ್ ನೋಡಿಕೊಂಡು ಬಂದಿದ್ದಳು.

"ದೊಡ್ಡಮ್ಮ, ಅಲ್ಲಿ ಅಂಗಡಿ ಒಳಗೆ ಕಾಲಿಟ್ಟರೆ ಸಾಕು, ಕೂರಿಸಿ ಇದನ್ನ ಕೊಡ್ತಾರೆ. ಒಂದು ಕಾಸು ತಗೊಳ್ಳಲ್ಲ" ಎಂದಳು.

"ಹಾಗಾದರೆ ನೀನು ಏನೂ ಕೊಡಲಿಲ್ವೇನೇ?"

"ಟೀಗೆ ಕೊಡಲಿಲ್ಲ. ಕಾರ್ಪೆಟ್ಟಿಗೆ ಕೊಟ್ಟೆ."

ಅವಳು ನಕ್ಕಳು, ನಾನೂ ನಕ್ಕೆ. ಸೇಬಿನ ಚಹಾದ ಅರ್ಧ ವಿಮರ್ಶೆಯನ್ನು ಅವಳೇ ಮಾಡಿಬಿಟ್ಟಿದ್ದಳು.

ಇನ್ನು ಡಬ್ಬಿ. ಮುಂಭಾಗದಲ್ಲಿ ಕೆಂಪು ಸೇಬು, ಪಕ್ಕದಲ್ಲಿ ಸಣ್ಣ ಸೊಂಟದ ಗಾಜಿನ ಲೋಟ, ಅದರಿಂದ ಏಳುವ ಹಬೆ. ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಒಳಗಿರುವ ಪದಾರ್ಥಗಳ ಪಟ್ಟಿ. ಇಂಥ ಪಟ್ಟಿಯಲ್ಲಿ ಯಾವುದು ಹೆಚ್ಚು ತೂಕದ್ದೋ ಅದರ ಹೆಸರು ಮೊದಲು ಬರುತ್ತದೆ. ಮೊದಲು ಇದ್ದದ್ದು ಸಕ್ಕರೆ. ಆಮೇಲೆ ಹುಳಿಗೆಂದು ಸಿಟ್ರಿಕ್ ಆಮ್ಲ, ಆಮೇಲೆ ಸೇಬಿನ ಸುವಾಸನೆ, ಬಣ್ಣ. ಚಹಾ ಸೊಪ್ಪಿನ ಹೆಸರು ಹುಡುಕಿದೆ, ಇರಲಿಲ್ಲ. ಬಿಸಿನೀರಿಗೆ ಎರಡು ಚಮಚ ಹಾಕಿ ಕದಡಿದೆ. ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಕೊಳ್ಳುತ್ತಿದ್ದ ಹುಳಿ ಪೆಪ್ಪರಮೆಂಟನ್ನು ಬಿಸಿನೀರಿನಲ್ಲಿ ಕರಗಿಸಿ ಕುಡಿದ ಹಾಗಿತ್ತು. ಕೆಟ್ಟದಾಗಿತ್ತು ಎಂದರೆ ಸುಳ್ಳಾಗುತ್ತದೆ. ಚಳಿಯಲ್ಲಿ ಸುತ್ತಾಡಿ ಕಾಲು ಸೋತ ಪ್ರವಾಸಿಗೆ ಬಿಸಿಯಾದ, ಸಿಹಿಯಾದ, ಹುಳಿಯಾದ ಒಂದು ಲೋಟ ಹಿತವೇ. ನಮ್ಮ ಪಕ್ಕದ ಮನೆಯ ಮಕ್ಕಳಂತೂ ಎರಡು ದಿನದಲ್ಲಿ ಅರ್ಧ ಡಬ್ಬಿ ಖಾಲಿ ಮಾಡಿದವು. ನನ್ನ ತಕರಾರು ರುಚಿಯ ಮೇಲಲ್ಲ, ಹೆಸರಿನ ಮೇಲೆ. ಟರ್ಕಿಯವರು ತಮ್ಮ ಮನೆಯಲ್ಲಿ ಇದನ್ನು ಕುಡಿಯುತ್ತಾರೆಯೇ?

ಇಲ್ಲ. ಅವರು ಮನೆಯಲ್ಲಿ ಕುಡಿಯುವುದು ಹಾಲು ಹಾಕದ ಕಪ್ಪು ಚಹಾ. ಅದೂ ಅಷ್ಟಿಷ್ಟಲ್ಲ. ತಲೆಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಜಗತ್ತಿನಲ್ಲಿ ಅತಿ ಹೆಚ್ಚು ಚಹಾ ಕುಡಿಯುವವರು ಅವರೇ. ವರ್ಷಕ್ಕೆ ಒಬ್ಬರಿಗೆ ಸುಮಾರು 3 ಕಿಲೋ ಸೊಪ್ಪು. ನಾವು ಭಾರತದವರು ಒಂದು ಕಿಲೋ ಕೂಡ ಮುಟ್ಟುವುದಿಲ್ಲ. ಆದರೆ ಈ ಅಭ್ಯಾಸ ಅಲ್ಲಿ ಬಹಳ ಹಳೆಯದೇನಲ್ಲ. ಮೊದಲು ಅವರದು ಕಾಫಿಯ ದೇಶ. ಕಾಫಿ ಬರುತ್ತಿದ್ದದ್ದು ಯೆಮನ್‌ನಿಂದ. ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಎನ್ನುತ್ತಾರಲ್ಲ, ಅದೇ ಯೆಮನ್. ಮೊದಲನೇ ಮಹಾಯುದ್ಧದಲ್ಲಿ ಸೋತ ಮೇಲೆ ಯೆಮನ್ ಅವರ ಕೈತಪ್ಪಿತು, ಕಾಫಿ ದುಬಾರಿಯಾಯಿತು. 1923ರಲ್ಲಿ ಗಣರಾಜ್ಯವಾಯಿತು. ಮರುವರ್ಷವೇ, ಅಂದರೆ 1924ರಲ್ಲಿ, ಕಪ್ಪು ಸಮುದ್ರದ ದಡದ ರಿಜೆ ಸೀಮೆಯಲ್ಲಿ ಚಹಾ ಬೆಳೆಯುವುದಕ್ಕೆಂದು ಕಾನೂನು ಮಾಡಿದರು. ಬೀಜ ನೆರೆಯ ಜಾರ್ಜಿಯಾದ ಬಟುಮಿಯಿಂದ ಬಂತು. 1947ರಲ್ಲಿ ರಿಜೆಯಲ್ಲಿ ಚಹಾ ಕಾರ್ಖಾನೆ ಶುರುವಾಯಿತು. ಅಜ್ಜಿಯ ಕಾಲದಲ್ಲಿ ಮನೆಗೆ ಬಂದ ಸೊಪ್ಪು ಮೊಮ್ಮಗಳ ಕಾಲಕ್ಕೆ ಆ ದೇಶದ ಗುರುತೇ ಆಗಿಹೋಯಿತು.

ಅಲ್ಲಿನ ಹೆಂಗಸರಲ್ಲಿ ಒಂದು ರೂಢಿಯಿದೆ, ಕೇಳಿದರೆ ನಿಮಗೂ ಖುಷಿಯಾಗುತ್ತದೆ. ಗೆಳತಿಯರು, ನೆರೆಹೊರೆಯವರು ಸೇರಿ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಕೂಡುತ್ತಾರೆ. ಬಂದವರೆಲ್ಲ ಒಂದೊಂದು ಸಣ್ಣ ಚಿನ್ನದ ನಾಣ್ಯವನ್ನೋ ದುಡ್ಡನ್ನೋ ಆ ದಿನದ ಮನೆಯಾಕೆಗೆ ಕೊಡುತ್ತಾರೆ. ಅದಕ್ಕೆ ಚಿನ್ನದ ದಿನ ಎಂದೇ ಹೆಸರು. ನಮ್ಮ ಚೀಟಿ ವ್ಯವಹಾರವೇ, ತಿಂಡಿ ಮತ್ತು ಹರಟೆ ಸೇರಿಸಿದ್ದು. ಅಲ್ಲಿ ಕುದಿಯುವುದು ರಿಜೆಯ ಕಪ್ಪು ಚಹಾ. ಸೇಬಿನ ಪುಡಿಯ ಡಬ್ಬಿಯನ್ನು ಅಂಥ ಕಡೆ ಯಾರೂ ತೆರೆಯುವುದಿಲ್ಲ. ಅದು ಹೆಚ್ಚಾಗಿ ಪೇಟೆಯ ಅಂಗಡಿಗಳಲ್ಲಿ, ಪರಊರಿನಿಂದ ಬಂದು ಹೋಗುವವರಿಗೆ.

ಹಾಗೆಂದು ಸೇಬನ್ನು ನೀರಿನಲ್ಲಿ ಕುದಿಸಿ ಕುಡಿಯುವುದು ಅವರಿಗೆ ಗೊತ್ತೇ ಇಲ್ಲವೆಂದು ತಿಳಿಯಬಾರದು. ಆ ದೇಶದ ತುಂಬ ಸೇಬಿನ ತೋಟಗಳು. ಅಮಾಸ್ಯ ಎಂಬ ಊರಿನ ಸೇಬಿಗೆ ನಮ್ಮ ನಂಜನಗೂಡಿನ ರಸಬಾಳೆಗೆ ಇರುವಂಥ ಹೆಸರು. ಚಳಿಗಾಲದಲ್ಲಿ ನೆಗಡಿ, ಗಂಟಲುನೋವು ಬಂದರೆ ಮನೆಯ ಹೆಂಗಸರು ಲಿಂಡೆನ್ ಎಂಬ ಮರದ ಒಣಗಿದ ಹೂವಿನ ಜೊತೆ ಚಕ್ಕೆ, ಲವಂಗ, ಸೇಬಿನ ಹೋಳು ಅಥವಾ ಸಿಪ್ಪೆ ಹಾಕಿ ಕುದಿಸುತ್ತಾರೆ. ಗಿಡಮೂಲಿಕೆಯ ಅಂಗಡಿಗಳಲ್ಲಿ ಇಂಥ ಮಿಶ್ರಣಕ್ಕೆ ಚಳಿಗಾಲದ ಚಹಾ ಎನ್ನುತ್ತಾರೆ. ಚಕ್ಕೆ ಲವಂಗದ ಇನ್ನೊಂದು ಪಾನಕವೂ ಇದೆ. ಮನೆಯಲ್ಲಿ ಹೆರಿಗೆಯಾದಾಗ ಕೆಂಪು ಸಕ್ಕರೆಯಿಂದ ಅದನ್ನು ಮಾಡಿ ಬಾಣಂತಿಗೂ, ಮಗು ನೋಡಲು ಬಂದವರಿಗೂ ಕೊಡುತ್ತಾರೆ.

ನಾವಾದರೆ ಇದಕ್ಕೆಲ್ಲ ಕಷಾಯ ಎಂದು ಒಂದೇ ಹೆಸರಿಟ್ಟು ಕೈತೊಳೆದುಕೊಳ್ಳುತ್ತಿದ್ದೆವು. 'ಸೇಬಿನ ಕಷಾಯ' ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಯಾವ ಪ್ರವಾಸಿ ತಾನೇ ಕೊಳ್ಳುತ್ತಿದ್ದ!

ಡಬ್ಬಿಯನ್ನು ನೋಡಿ ಬರೆದಂತಿರುವ ಅಡಿಗೆ ಬರಹಗಳ ಬಗ್ಗೆಯೂ ಒಂದು ಮಾತು. ಪೊಟ್ಟಣದ ಸೇಬಿನ ರಸ ಬಿಸಿ ಮಾಡಿ, ಅದರಲ್ಲಿ ಚಹಾದ ಸಣ್ಣ ಚೀಲ ಅದ್ದಿ, ಮೇಲೆ ಚಕ್ಕೆಪುಡಿ ಉದುರಿಸಿ ಎನ್ನುತ್ತಾರೆ. ಹಾಗೂ ಮಾಡಿ ನೋಡಿದೆ. ರಸದ ಸಿಹಿ ನಾಲಿಗೆಗೆ ಅಂಟುತ್ತದೆ, ಪುಡಿ ಕರಗದೆ ತೇಲಿ ಗಂಟಲಿಗೆ ಸಿಕ್ಕುತ್ತದೆ. ಕುದಿಸುವ ಇಪ್ಪತ್ತು ನಿಮಿಷ ಉಳಿಸಲು ಹೋಗಿ ಪರಿಮಳವನ್ನೇ ಕಳೆದುಕೊಂಡ ಹಾಗಾಯಿತು.

ಕೊನೆಗೆ ನಾನೇ ಮಾಡಲು ಹೊರಟೆ. ಮೊದಲ ದಿನವೇ ಎಡವಟ್ಟು. ಚಹಾ ಎಂದ ಮೇಲೆ ಹಾಲು ಬೇಡವೇ ಎಂದು ಹಾಕಿದೆ. ಕಣ್ಣೆದುರಿಗೇ ಒಡೆದು ಮೊಸರುಮೊಸರಾಯಿತು. ಸೇಬಿನಲ್ಲಿ ಮ್ಯಾಲಿಕ್ ಆಮ್ಲವಿದೆ. ಬಿಸಿಯಲ್ಲಿ ಆ ಹುಳಿ ತಗುಲಿದರೆ ಹಾಲು ಒಡೆಯದೆ ಇನ್ನೇನಾಗುತ್ತದೆ? ಎರಡನೇ ದಿನ ಪರಿಮಳ ಬರಲೆಂದು ಹತ್ತು ಲವಂಗ ಹಾಕಿದೆ. ನಮ್ಮ ಯಜಮಾನರು ಒಂದು ಗುಟುಕು ಕುಡಿದು, "ಯಾರಿಗೆ ಹಲ್ಲುನೋವು?" ಎಂದರು. ಮೂರನೇ ದಿನ ಪಾತ್ರೆ ಮುಚ್ಚದೆ ಕುದಿಸಿದೆ. ಇಡೀ ಮನೆ ಘಮಘಮ, ಲೋಟದಲ್ಲಿ ಮಾತ್ರ ಬರೀ ನೀರು. ಪರಿಮಳವೆಲ್ಲ ಹಬೆಯ ಜೊತೆ ಹೊರಟುಹೋಗಿತ್ತು.

ನಾಲ್ಕನೇ ದಿನ ಕೈ ಕುದುರಿತು. ನಾಲ್ಕು ಜನಕ್ಕೆ ಎರಡು ಮಧ್ಯಮ ಗಾತ್ರದ ಸೇಬು, ಒಂದು ಲೀಟರ್ ನೀರು, ಒಂದಂಗುಲ ಚಕ್ಕೆ, ಮೂರೇ ಮೂರು ಲವಂಗ. ಅಂಗಡಿಯ ಸೇಬಿನ ಮೇಲೆ ಮೇಣ ಸವರಿರುತ್ತಾರೆ. ಉಗುರುಬೆಚ್ಚನೆ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಬೇಕು. ಬೀಜ ತೆಗೆಯಬೇಕು, ಸಿಪ್ಪೆ ತೆಗೆಯಬಾರದು. ಬಣ್ಣವೂ ಘಮವೂ ಹೆಚ್ಚಾಗಿ ಇರುವುದು ಸಿಪ್ಪೆಯಲ್ಲೇ. ತೆಳ್ಳಗೆ ಹೆಚ್ಚಿ, ತಣ್ಣೀರಿಗೇ ಎಲ್ಲವನ್ನೂ ಹಾಕಿ, ಮುಚ್ಚಳ ಮುಚ್ಚಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಇಳಿಸಿ ಐದು ನಿಮಿಷ ಹಾಗೇ ಬಿಟ್ಟು ಸೋಸಬೇಕು. ಚಹಾದ ಒಗರು ಬೇಕೆನ್ನುವವರು ಇಳಿಸಿದ ಮೇಲೆ ಒಂದು ಚಮಚ ಸೊಪ್ಪು ಹಾಕಿ ಮೂರು ನಿಮಿಷ ಮುಚ್ಚಿಡಬಹುದು. ಸೊಪ್ಪನ್ನು ಸೇಬಿನ ಜೊತೆ ಕುದಿಸಿದರೆ ಕಹಿ. ಹಣ್ಣು ಸಪ್ಪೆಯಾಗಿದ್ದರೆ ನಾಲ್ಕು ಹನಿ ನಿಂಬೆರಸ. ಸಕ್ಕರೆ ಮಾತ್ರ ಪಕ್ಕದಲ್ಲಿರಲಿ, ಅವರವರೇ ಹಾಕಿಕೊಳ್ಳಲಿ.

ಬಡಿಸುವ ವಿಷಯಕ್ಕೆ ಬಂದೆ. ಈ ಬರಹ ಬರೆಯಲು ನಿಜವಾದ ಕಾರಣ ಇರುವುದು ಇಲ್ಲೇ.

ಟರ್ಕಿಯ ಚಹಾದ ಕೆಟಲು ಎರಡು ಅಂತಸ್ತಿನದು, ನಮ್ಮ ಕಾಫಿ ಫಿಲ್ಟರಿನ ಹಾಗೆ. ಕೆಳಗಿನದರಲ್ಲಿ ನೀರು ಕುದಿಯುತ್ತದೆ, ಮೇಲಿನದರಲ್ಲಿ ಗಟ್ಟಿ ಚಹಾ ಇಳಿಯುತ್ತದೆ. ಬಂದವರನ್ನು ತಿಳಿಯಾಗಿ ಬೇಕೋ ಗಾಢವಾಗಿ ಬೇಕೋ ಎಂದು ಕೇಳಿ, ಅದೇ ಗಟ್ಟಿ ಚಹಾಕ್ಕೆ ಅವರು ಹೇಳಿದಷ್ಟು ಬಿಸಿನೀರು ಬೆರೆಸುತ್ತಾರೆ. ಸಾಕಾದವರು ಚಮಚವನ್ನು ಲೋಟದ ಬಾಯಿಯ ಮೇಲೆ ಅಡ್ಡ ಇಟ್ಟರೆ ಮತ್ತೆ ಸುರಿಯುವುದಿಲ್ಲ. ಹೇಗೆ ಬೇಕು, ಎಷ್ಟು ಬೇಕು, ಎಲ್ಲಿಗೆ ಸಾಕು, ಮೂರನ್ನೂ ಕುಡಿಯುವವರೇ ಹೇಳುತ್ತಾರೆ.

ನಮ್ಮ ಮನೆಯ ಫಿಲ್ಟರಿಗೂ ಎರಡು ಅಂತಸ್ತು ಇತ್ತು. ಆದರೆ ಅದರ ಲೆಕ್ಕವೇ ಬೇರೆ. ಹಾಸನದ ನಮ್ಮ ಮನೆಯಲ್ಲಿ ಬೆಳಿಗ್ಗೆ ಇಳಿದ ಮೊದಲನೇ ಡಿಕಾಕ್ಷನ್ ಅಪ್ಪನಿಗೆ, ದೊಡ್ಡಪ್ಪನಿಗೆ, ಬಂದ ನೆಂಟರಿಗೆ. ಆಮೇಲೆ ಅದೇ ಪುಡಿಯ ಮೇಲೆ ಅಮ್ಮ ಮತ್ತೆ ಬಿಸಿನೀರು ಸುರಿಯುತ್ತಿದ್ದಳು. ಆ ಎರಡನೇ ಡಿಕಾಕ್ಷನ್ ಅಮ್ಮನಿಗೆ, ಅಜ್ಜಿಗೆ, ದೊಡ್ಡಮ್ಮನಿಗೆ, ಕೆಲಸಕ್ಕೆ ಬರುತ್ತಿದ್ದ ಹೆಂಗಸಿಗೆ. ಬಣ್ಣ ಉಂಟು, ರುಚಿ ಇಲ್ಲ. ನಿನಗೆ ಹೇಗೆ ಬೇಕು ಎಂದು ಅಮ್ಮನನ್ನು ಯಾರೂ ಕೇಳಿದ್ದಿಲ್ಲ, ನಾನೂ ಕೇಳಲಿಲ್ಲ. "ನನಗೆ ತೆಳ್ಳಗೇ ಇಷ್ಟ ಕಣೇ" ಎನ್ನುತ್ತಿದ್ದಳು. ನಂಬಿಬಿಟ್ಟಿದ್ದೆ.

ಸೇಬಿನದೂ ಅದೇ ಕಥೆ. ಆಗ ಸೇಬು ಎಂದರೆ ಆಸ್ಪತ್ರೆಯ ಹಣ್ಣು. ಯಾರಾದರೂ ಮಲಗಿದರೆ ಮಾತ್ರ ಮನೆಗೆ ಬರುತ್ತಿತ್ತು. ಅಮ್ಮ ಸಿಪ್ಪೆ ತೆಗೆದು, ಹೋಳು ಮಾಡಿ ರೋಗಿಗೆ, ನಮಗೆ ಹಂಚಿ, ತಾನು ಸಿಪ್ಪೆ ತಿನ್ನುತ್ತಿದ್ದಳು. "ಸಿಪ್ಪೇಲೇ ಸತ್ವ ಇರೋದು" ಎನ್ನುವುದು ಅವಳ ಇನ್ನೊಂದು ಮಾತು. ಅದು ನಿಜವೂ ಹೌದು ಎಂದು ಈಗ ಸೇಬು ಕುದಿಸುವಾಗ ಗೊತ್ತಾಗಿದೆ. ಆದರೆ ಅವಳು ಸಿಪ್ಪೆ ತಿಂದದ್ದು ಸತ್ವಕ್ಕಾಗಿ ಅಲ್ಲ, ಹೋಳು ಉಳಿಯುತ್ತಿರಲಿಲ್ಲ. ಉಳಿದದ್ದನ್ನೇ ಒಳ್ಳೆಯದು ಎಂದು ಹೇಳಿಕೊಳ್ಳುವ ಜಾಣತನ ನಮ್ಮ ಅಮ್ಮಂದಿರಿಗೆಲ್ಲ ಇತ್ತು. ಅದನ್ನು ತ್ಯಾಗ ಎಂದು ಹೊಗಳಿ ನಾವು ಹೋಳು ತಿಂದೆವು.

ಕೊನೆಯ ದಿನಗಳಲ್ಲಿ ಅಮ್ಮ ನನ್ನ ಮನೆಯಲ್ಲೇ ಇದ್ದಳು. ಒಂದು ಬೆಳಿಗ್ಗೆ, ಯಾವ ಯೋಚನೆಯೂ ಇಲ್ಲದೆ, ಮೊದಲನೇ ಡಿಕಾಕ್ಷನ್ನಿನ ಕಾಫಿಯನ್ನೇ ಅವಳ ಕೈಗಿಟ್ಟೆ. ಒಂದು ಗುಟುಕು ಕುಡಿದವಳು ಲೋಟವನ್ನೇ ನೋಡಿದಳು. "ಇವತ್ತು ಯಾರು ಬರ್ತಾರೆ?" ಎಂದು ಕೇಳಿದಳು.

ಯಾರೂ ಬರುವವರಿರಲಿಲ್ಲ. ಹಾಗೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಡಬ್ಬಿಯ ಸೇಬಿನ ಚಹಾ ಹೊರಗಿನವರಿಗೊಂದು, ಮನೆಯವರಿಗೊಂದು ಎಂಬ ಲೆಕ್ಕದ್ದು. ನಮ್ಮ ಫಿಲ್ಟರಿನದೂ ಅದೇ ಲೆಕ್ಕ, ಸ್ವಲ್ಪ ತಿರುಗುಮುರುಗು. ಅವರು ಒಳ್ಳೆಯದನ್ನು ಮನೆಯಲ್ಲಿಟ್ಟುಕೊಂಡು ಪುಡಿಯನ್ನು ಪೇಟೆಗೆ ಕೊಟ್ಟರು. ನಾವು ಒಳ್ಳೆಯದನ್ನು ಹಜಾರಕ್ಕೆ ಕಳಿಸಿ ಚರಟವನ್ನು ಅಡಿಗೆಮನೆಯಲ್ಲಿಟ್ಟುಕೊಂಡೆವು. ಎರಡರಲ್ಲಿ ಯಾವುದು ಹೆಚ್ಚು ಮೋಸ ಎಂದು ನನ್ನನ್ನು ಕೇಳಿದರೆ, ಅಂಗಡಿಯವನನ್ನು ಕ್ಷಮಿಸಿಬಿಡುತ್ತೇನೆ. ಅವನಿಗೆ ಕಾರ್ಪೆಟ್ಟು ಮಾರಬೇಕಾಗಿತ್ತು. ನಮಗೇನು ಮಾರಬೇಕಾಗಿತ್ತು?

ಟರ್ಕಿಯಲ್ಲಿ ಕಥೆ ಮುಗಿಸುವಾಗ ಆಕಾಶದಿಂದ ಮೂರು ಸೇಬು ಬಿದ್ದವು ಎಂದು ಹೇಳುವ ವಾಡಿಕೆ ಇದೆಯಂತೆ. ಒಂದು ಕಥೆಯಲ್ಲಿದ್ದವರಿಗೆ, ಒಂದು ಕಥೆ ಹೇಳಿದವರಿಗೆ, ಒಂದು ಕೇಳಿದವರಿಗೆ. ಸಿಪ್ಪೆಯ ಲೆಕ್ಕ ಬೇರೆ ಇಲ್ಲ, ಇಡೀ ಹಣ್ಣೇ.

ಈಗ ನಮ್ಮ ಮನೆಯಲ್ಲಿ ಸೇಬಿನ ಚಹಾ ಮಾಡುವ ದಿನ ಒಂದು ನಿಯಮವಿದೆ. ಒಂದೇ ಸಲ ಕುದಿಸುವುದು, ಅದೇ ಸೇಬಿಗೆ ಮತ್ತೆ ನೀರು ಹಾಕುವ ಹಾಗಿಲ್ಲ. ಇದ್ದಷ್ಟು ಜನಕ್ಕೆ ಅಷ್ಟು ಲೋಟ, ಕೆಲಸಕ್ಕೆ ಬರುವ ಗೌರಮ್ಮನ ಲೋಟವೂ ಸೇರಿ. ಸೋಸುವವಳು ನಾನಾದ್ದರಿಂದ ಮೊದಲನೇ ಲೋಟ ತುಂಬಿಸಿ ನನ್ನ ಪಕ್ಕಕ್ಕೆ ಎತ್ತಿಟ್ಟುಕೊಳ್ಳುತ್ತೇನೆ. ಮೊದಮೊದಲು ಕೈ ಹಿಂಜರಿಯುತ್ತಿತ್ತು. ಈಗ ಅಷ್ಟಿಲ್ಲ. ಬೆಂದ ಹೋಳುಗಳಿಗೆ ಒಂದು ಚಮಚ ಬೆಲ್ಲ ಹಾಕಿ ಕಲಸಿಟ್ಟರೆ ಚಪಾತಿಯ ಜೊತೆ ಚೆನ್ನಾಗಿರುತ್ತದೆ.

ಆ ಡಬ್ಬಿ ಖಾಲಿಯಾಗಿದೆ. ಒಳ್ಳೆಯ ಗಟ್ಟಿ ಡಬ್ಬಿ. ಸಾಸಿವೆ ಹಾಕಿಟ್ಟಿದ್ದೇನೆ.