ಮರಣಶಯ್ಯೆಯ ಕಥೆ ಮತ್ತು ಕಾವ್ಯದ ಸಾಕ್ಷ್ಯ: ವಾಲೇಸ್ ಸ್ಟೀವನ್ಸ್‌ನ ‘ಸಮಗ್ರ ಕವಿತೆಗಳು’
ದೇವರಲ್ಲಿ ನಂಬಿಕೆ ಕುಸಿದ ಕಾಲದಲ್ಲಿ ಮನುಷ್ಯನಿಗೆ ಯಾವುದು ಆಸರೆ? ಈ ಪ್ರಶ್ನೆಯನ್ನು ಜೀವನವಿಡೀ ಕೇಳಿಕೊಂಡ ಅಮೆರಿಕದ ಕವಿ ವಾಲೇಸ್ ಸ್ಟೀವನ್ಸ್. 1879ರಲ್ಲಿ ಪೆನ್ಸಿಲ್ವೇನಿಯದ ರೆಡಿಂಗ್ ಪಟ್ಟಣದ ಪ್ರೊಟೆಸ್ಟಂಟ್ ಕುಟುಂಬವೊಂದರಲ್ಲಿ ಜನಿಸಿದ ಆತ ಹಾರ್ವರ್ಡ್‌ನಲ್ಲಿ ಓದಿ ವಕೀಲನಾದ. 1916ರಲ್ಲಿ ಹಾರ್ಟ್‌ಫರ್ಡ್‌ನ ವಿಮಾ ಕಂಪನಿಯೊಂದನ್ನು ಸೇರಿ, 1934ರಲ್ಲಿ ಅದರ ಉಪಾಧ್ಯಕ್ಷನಾದ. ಮೊದಲ ಸಂಕಲನ ‘ಹಾರ್ಮೋನಿಯಂ’ 1923ರಲ್ಲಿ ಹೊರಬಂದಾಗ ಆತನಿಗೆ ನಲವತ್ತು ದಾಟಿತ್ತು. ಎಪ್ಪತ್ತೈದನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ, 1954ರಲ್ಲಿ, ‘ಸಮಗ್ರ ಕವಿತೆಗಳು’ ಪ್ರಕಟವಾಯಿತು. ಮರುವರ್ಷ ಪುಲಿಟ್ಸರ್ ಪ್ರಶಸ್ತಿ ಬಂದಿತು. ಅದೇ ವರ್ಷ ಆಗಸ್ಟ್ 2ರಂದು ಕವಿ ತೀರಿಕೊಂಡ.

ಆ ಕೊನೆಯ ದಿನಗಳ ಕುರಿತು ವಿವಾದವೊಂದಿದೆ. ಕವಿ ತಮ್ಮಿಂದ ದೀಕ್ಷಾಸ್ನಾನ ಪಡೆದು ಕಥೋಲಿಕ ಧರ್ಮಸಭೆಯನ್ನು ಸೇರಿದನೆಂದು ಆಸ್ಪತ್ರೆಯ ಗುರುಗಳು ಎರಡು ದಶಕಗಳ ತರುವಾಯ ಸಾಕ್ಷ್ಯ ನುಡಿದರು. ಮಗಳು ಹಾಲಿ ಅದನ್ನು ಅಲ್ಲಗಳೆದಳು. ಗುರುಗಳು ಸುಳ್ಳಾಡಿದರೆನ್ನಲು ನಮಗೆ ಕಾರಣವಿಲ್ಲ. ಮಗಳ ಮಾತನ್ನು ತಳ್ಳಿಹಾಕುವ ಅಧಿಕಾರವೂ ಇಲ್ಲ. ಆದರೆ ಮರಣಶಯ್ಯೆಯ ಒಂದು ಗಳಿಗೆಯನ್ನು ಹಿಡಿದುಕೊಂಡು ನಲವತ್ತು ವರ್ಷಗಳ ಕಾವ್ಯವನ್ನೆಲ್ಲ ಗುಪ್ತ ಪ್ರಾರ್ಥನೆಯೆಂದು ಓದಹೊರಟರೆ, ನಾವು ಕವಿಗೆ ಅನ್ಯಾಯ ಮಾಡಿದಂತಾಗುತ್ತದೆ.

1915ರಲ್ಲಿ ಪ್ರಕಟವಾದ ‘ಸಂಡೇ ಮಾರ್ನಿಂಗ್’ ಕವಿತೆಯನ್ನೇ ನೋಡೋಣ. ಭಾನುವಾರ ದೇವಾಲಯಕ್ಕೆ ಹೋಗದೆ, ಕಾಫಿ ಕಿತ್ತಳೆಹಣ್ಣುಗಳೊಡನೆ ಬಿಸಿಲಿನಲ್ಲಿ ಕುಳಿತ ಹೆಣ್ಣೊಬ್ಬಳು ಅಲ್ಲಿದ್ದಾಳೆ. ಆಕೆಯ ಮನಸ್ಸು ಪ್ಯಾಲೆಸ್ತೀನಿನ ಸಮಾಧಿಯತ್ತ ಸಾಗುತ್ತದೆ. ಆದರೆ ಕವಿತೆ ಅಲ್ಲಿ ಪುನರುತ್ಥಾನವನ್ನು ಕಾಣದು. ಅಳಿದುಹೋಗುವ ಈ ಭೂಮಿಯ ಸೊಬಗೇ ಸಾಕೆಂಬ ನಿಲುವಿನತ್ತ ಅದು ಸಾಗುತ್ತದೆ. 1942ರ ‘ನೋಟ್ಸ್ ಟುವರ್ಡ್ ಎ ಸುಪ್ರೀಮ್ ಫಿಕ್ಷನ್’ ಎಂಬ ದೀರ್ಘ ಕವಿತೆ, ದೇವರಿದ್ದ ಸ್ಥಾನದಲ್ಲಿ ಮನುಷ್ಯನ ಪರಮ ಕಲ್ಪನೆಯೊಂದನ್ನು ಇರಿಸಲಾದೀತೇ ಎಂದು ಶೋಧಿಸುತ್ತದೆ. ನಮ್ಮ ಭಿನ್ನಾಭಿಪ್ರಾಯ ಇಲ್ಲಿದೆ. ನಾವೇ ಹೆಣೆದ ಕಲ್ಪನೆ ಮನಸ್ಸನ್ನು ತಣಿಸೀತು. ಆದರೆ ಅದು ನಮ್ಮನ್ನು ಹೆಸರಿಡಿದು ಕರೆಯಲಾರದು, ಕ್ಷಮಿಸಲಾರದು. ವಿಶ್ವಾಸವೆಂಬುದು ಮೊದಲು ನುಡಿದ ದೇವರಿಗೆ ನಾವು ಕೊಡುವ ಉತ್ತರ.

ಹೀಗಿದ್ದರೂ ಸಂಪುಟದ ಕೊನೆಯ ಕವಿತೆ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಚಳಿಗಾಲ ಮುಗಿಯುವ ಹೊತ್ತಿನ ಮುಂಜಾವದಲ್ಲಿ ಕೇಳಿಬಂದ ಹಕ್ಕಿಯ ಕೂಗು ಮೊದಲು ಮನಸ್ಸಿನೊಳಗಿನ ದನಿಯೆಂದೇ ತೋರುತ್ತದೆ. ಬಳಿಕ ಅದು ಹೊರಗಿನಿಂದ ಬಂದುದೆಂದು ಅರಿವಾಗುತ್ತದೆ. ಕಲ್ಪನೆಯ ಹಿರಿಮೆಯನ್ನು ಅಷ್ಟು ಹಾಡಿದ ಕವಿ, ತಾನು ಕಟ್ಟದ ದನಿಯೊಂದಕ್ಕೆ ಕಿವಿಗೊಟ್ಟು ಗ್ರಂಥವನ್ನು ಮುಗಿಸಿದ್ದಾನೆ. ಅದನ್ನು ಕೃಪೆಯೆಂದು ಕರೆಯುವ ಆತುರ ನಮಗೆ ಸಲ್ಲದು; ಹಕ್ಕಿ ಅಲ್ಲಿ ಹಕ್ಕಿಯೇ. ಆದರೆ ಹೊರಗಿನಿಂದ ಬಂದುದನ್ನು ಹಾಗೆಂದು ಒಪ್ಪಿಕೊಳ್ಳುವ ಆ ವಿನಯವನ್ನು ದೈವಶಾಸ್ತ್ರದ ವಿದ್ಯಾರ್ಥಿಗಳಾದ ನಾವೂ ಕಲಿಯಬೇಕಾಗಿದೆ.

ಕಿತ್ತಳೆಹಣ್ಣಿನ ಮುಂದೆ ಕುಳಿತ ಆ ಹೆಣ್ಣು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾಳೆ. ನಾಸ್ತಿಕತೆಯ ಹುಟ್ಟಿನಲ್ಲಿ ವಿಶ್ವಾಸಿಗಳ ಪಾಲೂ ಸಣ್ಣದಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಒಪ್ಪಿಕೊಂಡಿತು. ದಿವ್ಯವಾಣಿ ಮನುಷ್ಯನಾದುದನ್ನು ಸಾರುವ ನಾವು ಈ ಭೂಮಿಯ ಬಿಸಿಲನ್ನೂ ಹಣ್ಣನ್ನೂ ಪ್ರಬೋಧನೆಯ ಹೊರಗೆ ಇಟ್ಟುಬಿಟ್ಟೆವೇ? ಸ್ಟೀವನ್ಸ್‌ನ ಅಂತಿಮ ಗಳಿಗೆಯನ್ನು ದೇವರ ಕರುಣೆಗೆ ಬಿಟ್ಟು, ಆತನ ಕಾವ್ಯ ನಮ್ಮ ಮುಂದಿಡುವ ಈ ಪ್ರಶ್ನೆಗೆ ಉತ್ತರಿಸುವುದು ನಮ್ಮ ಹೊಣೆ.