ರಿಯಾಯಿತಿ ಕಾರ್ಡಿಗೆ ಇಷ್ಟೊಂದು ಕೀರ್ತಿ ಏಕೆ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ ಮಣಿಪಾಲ ಆರೋಗ್ಯ ಕಾರ್ಡಿಗೆ ದೊಡ್ಡ ಮರ್ಯಾದೆಯಿದೆ. ಎರಡು ದಶಕಗಳಿಂದ ಅದು ಈ ಭಾಗದವರ ವೈದ್ಯರ ಫೀಸು, ಪರೀಕ್ಷೆಯ ಖರ್ಚು ತಗ್ಗಿಸಿದೆ. ಆದರೆ ಡಿಗ್ರಿ ಮುಗಿಸಿ ಮೊದಲ ಸಂಬಳ ಪಡೆದ ಮಕ್ಕಳಿಗೆ ಹಿರಿಯರು “ಕಾರ್ಡ್ ಇತ್ತಲೆ, ಇನ್ಶೂರೆನ್ಸ್ ಎಂತಕ್ಕೆ?” ಎನ್ನುವುದನ್ನು ನಾನು ಒಪ್ಪಲಾರೆ.

ಲೆಕ್ಕ ನೋಡಿ. ಹೆದ್ದಾರಿ 66ರಲ್ಲಿ ಬೈಕ್ ಬಿತ್ತು, ಬಿಲ್ 4 ಲಕ್ಷ ಆಯಿತು ಎನ್ನೋಣ. ಕಾಲು ಭಾಗ ರಿಯಾಯಿತಿ ಸಿಕ್ಕರೂ 3 ಲಕ್ಷ ಕಟ್ಟಬೇಕು. ಬಿಲ್ 8 ಲಕ್ಷಕ್ಕೆ ಏರಿದರೆ 6 ಲಕ್ಷ. ಕಾಯಿಲೆ ದೊಡ್ಡದಾದಷ್ಟೂ ನಮ್ಮ ಪಾಲೂ ದೊಡ್ಡದಾಗುತ್ತದೆ. ರಿಯಾಯಿತಿಯ ಗುಣವೇ ಅದು. ವಿಮೆಯಲ್ಲಾದರೆ ಮೊದಲೇ ಗೊತ್ತುಮಾಡಿದ ಮೊತ್ತದವರೆಗಿನ ಹೊರೆ ಬೇರೆಯವರದು. ಎಪಿಎಲ್ ಕುಟುಂಬಗಳಿಗೆ ಸರ್ಕಾರದ ‘ಆರೋಗ್ಯ ಕರ್ನಾಟಕ’ 2018ರಲ್ಲಿ ಕೊಟ್ಟದ್ದರಲ್ಲೂ ಇದೇ ಕೊರತೆ: ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಪ್ಯಾಕೇಜ್ ದರದ 30 ಶೇಕಡಾ. ಅದೂ ಯೋಜನೆ ನಿಗದಿ ಮಾಡಿದ ದರದ ಮೇಲೆ, ಆಸ್ಪತ್ರೆಯ ಬಿಲ್ಲಿನ ಮೇಲಲ್ಲ. ಬಿಪಿಎಲ್ ಮನೆಗಿರುವ 5 ಲಕ್ಷದ ಆಸರೆ ಇವರಿಗಿಲ್ಲ.

ಪತ್ರಿಕೆಗಳ ಹಣಕಾಸು ಅಂಕಣಕಾರರು ಇದಕ್ಕೆ ಕೊಡುವ ಮದ್ದು ಒಂದೇ: ಚಿಕ್ಕ ವಯಸ್ಸಿನಲ್ಲೇ ಖಾಸಗಿ ಪಾಲಿಸಿ ಮಾಡಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ, ಸಲಹೆ ತಪ್ಪಲ್ಲ. ಆದರೆ ಅವರ ಓದುಗ ಬೆಂಗಳೂರಿನ ಐಟಿ ಉದ್ಯೋಗಿ. ಕುಂದಾಪುರದ ಬಟ್ಟೆ ಅಂಗಡಿಯ ಬಿಲ್ಲಿಂಗ್ ಹುಡುಗಿ ಅವರ ಕಣ್ಣಿಗೆ ಬಿದ್ದೇ ಇಲ್ಲ. ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಹೆಸರೆತ್ತಿದರೆ ಮೂಗು ಮುರಿಯುವವರೂ ಈ ಅಂಕಣಕಾರರೇ. ಕನಿಷ್ಠ ಹತ್ತು ಮಂದಿ ದುಡಿಯುವ ಸಂಸ್ಥೆಯಲ್ಲಿ 21,000 ರೂಪಾಯಿಯೊಳಗಿನ ಸಂಬಳಕ್ಕೆ ಇಎಸ್‌ಐ ಕಡ್ಡಾಯ. 18,000 ರೂಪಾಯಿ ಸಂಬಳದಲ್ಲಿ ಮುರಿಯುವುದು ತಿಂಗಳಿಗೆ 135. ಧಣಿ ಸೇರಿಸಬೇಕಾದ್ದು 585. ಅಷ್ಟಕ್ಕೆ ಅವಳಿಗೂ ಅವಲಂಬಿತ ತಂದೆತಾಯಿಗೂ ಚಿಕಿತ್ಸೆ. ಕಾಯಿಲೆ ಬಿದ್ದರೆ, ಷರತ್ತುಗಳಿಗೆ ಒಳಪಟ್ಟು, ವರ್ಷಕ್ಕೆ 91 ದಿನ 70 ಶೇಕಡಾ ಕೂಲಿ. ಖಾಸಗಿ ಆರೋಗ್ಯ ಪಾಲಿಸಿ ಸಾಮಾನ್ಯವಾಗಿ ಆಸ್ಪತ್ರೆಯ ಬಿಲ್ಲು ಭರಿಸುತ್ತದೆ, ತಪ್ಪಿದ ಸಂಬಳ ಭರಿಸುವುದಿಲ್ಲ. ಇಎಸ್‌ಐ ಚಿಕಿತ್ಸಾಲಯಗಳು ದೂರ, ಕಾಯುವುದು ಹೆಚ್ಚು ಎಂಬ ದೂರು ನಿಜ. ಅದನ್ನು ಸರಿಪಡಿಸಿ ಎಂದು ಕೇಳಬೇಕೇ ಹೊರತು ಹಕ್ಕನ್ನೇ ಬಿಟ್ಟುಕೊಡಬಾರದು.

ಕಾರ್ಡ್ ಮನೆಯಲ್ಲಿರಲಿ, ಜ್ವರ ನೆಗಡಿಗೆ ಸಾಕು. ಕೆಲಸಕ್ಕೆ ಸೇರಿದ ದಿನವೇ ಧಣಿಯ ಹತ್ತಿರ ಇಎಸ್‌ಐ ನಂಬರ್ ಕೇಳಿ. ಹತ್ತು ಮಂದಿ ಇಲ್ಲದ ಅಂಗಡಿಯಾದರೆ, ಸಣ್ಣ ಮೊತ್ತದ್ದಾದರೂ ಸರಿ, ಸ್ವಂತ ಪಾಲಿಸಿಯೊಂದನ್ನು ಮಾಡಿಸಿಕೊಳ್ಳಿ.